ಒಂದು ಗುಣಕ, ಹದಿನಾಲ್ಕು ಸಾವಿರ ಹಳೆಯ ತಾರೀಖುಗಳು

ಹುಬ್ಬಳ್ಳಿಯಲ್ಲಿ ನಾನು ಕೆಲಸಕ್ಕಿದ್ದ ಲ್ಯಾಬಿನ ಕಿಡ್ನಿ ರಿಪೋರ್ಟಿನಲ್ಲಿ ಕೊನೆಗೆ ಎರಡು ಸಾಲು ಬರುತ್ತಿದ್ದವು. ಮೇಲಿನ ಸಾಲಿನಲ್ಲಿ ಇಜಿಎಫ್‌ಆರ್ ಅಂಕಿ, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದರ ಅಂದಾಜು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ರೋಗಿ ಆಫ್ರಿಕನ್ ಅಮೆರಿಕನ್ ಆಗಿದ್ದರೆ ಇದನ್ನು 1.212ರಿಂದ ಗುಣಿಸಿಕೊಳ್ಳಬೇಕು ಎಂಬ ಸೂಚನೆ. ಸಾಫ್ಟ್‌ವೇರ್ ಹೊರಗಿನಿಂದ ಕೊಂಡದ್ದು, ಆ ಸಾಲೂ ಅದರ ಜೊತೆಗೇ ಬಂದಿತ್ತು. ಹುಬ್ಬಳ್ಳಿಯಲ್ಲಿ ಅದನ್ನು ಓದುವವರಾದರೂ ಯಾರು? ವರ್ಷಗಟ್ಟಲೆ ಪ್ರಿಂಟ್ ಹೊಡೆದು, ಕವರಿಗೆ ಹಾಕಿ ಕೊಟ್ಟಿದ್ದೆವು.

ಒಂದು ದಿನ ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಹುಡುಗ ರಿಪೋರ್ಟ್ ಹಿಡಿದುಕೊಂಡು ಬಂದ. "ಸರ್, ಇವರು ಹಳಿಯಾಳ ಕಡೆಯವರ್ರೀ, ಸಿದ್ದಿ ಮಂದಿ. ಕೆಳಗಿಂದು ಇವರಿಗೆ ಲಾಗೂ ಆಗ್ತೈತೇನ್ರೀ?"

ನನಗೆ ಗೊತ್ತಿರಲಿಲ್ಲ. ಸಿದ್ದಿಗಳ ಹಿರೀಕರು ಆಫ್ರಿಕಾದಿಂದ ಬಂದವರು, ನಿಜ. ಆದರೆ ಅವರು ಬಂದು ಶತಮಾನಗಳೇ ಕಳೆದಿವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನಂಚಿನಲ್ಲಿ ಬದುಕುವ ಇವರಿಗೂ ಅಮೆರಿಕಕ್ಕೂ ಏನು ಸಂಬಂಧ? "ಮೇಲಿಂದೇ ಇರಲಿ ಬಿಡಪ್ಪ" ಅಂದೆ. ಹುಡುಗ ಹೋದ. ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಮೈಬಣ್ಣ ನೋಡಿ ಗುಣಿಸುವ ಸಂಖ್ಯೆ ಎಲ್ಲಿಂದ ಬಂತು, ಅದನ್ನು ಯಾರು ಇಟ್ಟರು, ಯಾರು ತೆಗೆದರು ಎಂದು ಅಂದಿನಿಂದ ಓದುತ್ತಾ ಬಂದಿದ್ದೇನೆ. ಈ ಪ್ರಕರಣ ಅಮೆರಿಕದ್ದು. ಆರೋಗ್ಯ ಸೇವೆಯಲ್ಲಿ ವರ್ಣಭೇದ ಅಂದರೆ ಬೈಗುಳ, ತಾತ್ಸಾರ, ಬೇರೆ ವಾರ್ಡು ಎಂದಷ್ಟೇ ತಿಳಿದಿದ್ದ ನನಗೆ, ಒಬ್ಬ ಕೆಟ್ಟ ಮನುಷ್ಯನೂ ಇಲ್ಲದೆ ಅದು ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟದ್ದು ಇದೇ.

ನಾಲ್ಕನೇ ಪ್ರಶ್ನೆ

ಕ್ರಿಯಾಟಿನಿನ್ ಅನ್ನುವುದು ಸ್ನಾಯುಗಳಿಂದ ದಿನವೂ ರಕ್ತಕ್ಕೆ ಸೇರುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಕಳಿಸುತ್ತದೆ. ಸೋಸುವುದು ಕುಗ್ಗಿದರೆ ರಕ್ತದಲ್ಲಿ ಅದು ಏರುತ್ತದೆ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ನೇರವಾಗಿ ಅಳೆಯಬೇಕಾದರೆ ಐಯೋಥಲಮೇಟ್‌ನಂಥ ವಸ್ತುವನ್ನು ಚುಚ್ಚಿ, ರೋಗಿಯನ್ನು ಗಂಟೆಗಟ್ಟಲೆ ಕೂರಿಸಿಕೊಂಡು, ಮತ್ತೆ ಮತ್ತೆ ರಕ್ತ, ಮೂತ್ರ ತೆಗೆಯಬೇಕು. ದಿನಕ್ಕೆ ನೂರಾರು ಸ್ಯಾಂಪಲ್ ಬರುವ ಕಡೆ ಅದೆಲ್ಲ ಆಗದ ಮಾತು. ಅದಕ್ಕೇ ಅಂದಾಜಿನ ಸೂತ್ರ. ಕ್ರಿಯಾಟಿನಿನ್ ಎಷ್ಟು, ವಯಸ್ಸೆಷ್ಟು, ಗಂಡೋ ಹೆಣ್ಣೋ ಎಂದು ಕೇಳಿಕೊಂಡು ಅದು ಕೊಡುವ ಉತ್ತರವೇ ಇಜಿಎಫ್‌ಆರ್. ಆರೋಗ್ಯವಂತ ಯುವಕರಲ್ಲಿ ಅದು 100ರ ಆಸುಪಾಸು. ಮೂರು ತಿಂಗಳು 60ರ ಕೆಳಗೇ ನಿಂತರೆ ಕಾಯಿಲೆ ಎಂದರ್ಥ. 15ಕ್ಕಿಂತ ಇಳಿದರೆ ಕಿಡ್ನಿ ವೈಫಲ್ಯ.

1999ರಲ್ಲಿ ಅಮೆರಿಕದಲ್ಲಿ ಬಂದ ಎಂಡಿಆರ್‌ಡಿ ಸೂತ್ರ ನಾಲ್ಕನೇ ಪ್ರಶ್ನೆಯೊಂದನ್ನು ಸೇರಿಸಿತು: ರೋಗಿ ಕಪ್ಪು ಜನಾಂಗದವರೇ? ಹೌದಾದರೆ ಉತ್ತರವನ್ನು 1.18ರಿಂದ ಗುಣಿಸಬೇಕು. ಆಮೇಲೆ ಸೂತ್ರವನ್ನು ಸರಳಗೊಳಿಸಿದಾಗ ಅದೇ 1.212 ಆಯಿತು. 2009ರಲ್ಲಿ ಬಂದ ಸಿಕೆಡಿ-ಇಪಿಐ ಎಂಬ ಸುಧಾರಿತ ಸೂತ್ರದಲ್ಲಿ 1.159ಕ್ಕೆ ಇಳಿಯಿತು. ಇಳಿಯಿತೇ ಹೊರತು ಹೋಗಲಿಲ್ಲ.

ಸೂತ್ರ ಮಾಡಿದವರು ದ್ವೇಷದಿಂದ ಮಾಡಿದ್ದಲ್ಲ. 1,628 ರೋಗಿಗಳ ಕಿಡ್ನಿಯನ್ನು ನೇರವಾಗಿ ಅಳೆದು ನೋಡಿದಾಗ, ಒಂದೇ ಕ್ರಿಯಾಟಿನಿನ್ ಇದ್ದರೂ ಕಪ್ಪು ರೋಗಿಗಳ ಸೋಸುವಿಕೆ ಸರಾಸರಿಯಲ್ಲಿ ತುಸು ಹೆಚ್ಚು ಕಂಡಿತು. ಲೆಕ್ಕ ಕೂಡಲಿ ಎಂದು ಗುಣಕ ಹಾಕಿದರು. ಆ 1,628ರಲ್ಲಿ ಕಪ್ಪು ಜನ ನೂರಕ್ಕೆ ಹನ್ನೆರಡರಷ್ಟು ಮಾತ್ರ. ಯಾಕೆ ಹೀಗೆ ಎಂಬುದಕ್ಕೆ ಕೊಟ್ಟ ವಿವರಣೆ, ಕಪ್ಪು ಜನರಲ್ಲಿ ಸ್ನಾಯು ಹೆಚ್ಚು ಎಂಬುದು. ಸ್ನಾಯುವನ್ನು ಅಲ್ಲಿ ಅಳೆದಿರಲಿಲ್ಲ. ಹಳೆಯ ಸಣ್ಣಪುಟ್ಟ ಅಧ್ಯಯನಗಳ ಮಾತನ್ನು ಎತ್ತಿ ಹೇಳಿದ್ದು ಅಷ್ಟೆ. ಆಮೇಲೆ ಮೈಯ ರಚನೆಯನ್ನು ಅಳೆದೇ ನೋಡಿದಾಗ ಆ ವಿವರಣೆ ನಿಲ್ಲಲಿಲ್ಲ.

ಈ ವಿವರಣೆಯನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡರಲ್ಲ, ಅಲ್ಲಿ ನನ್ನ ತಕರಾರು. ಗುಲಾಮಗಿರಿಯ ಕಾಲದಿಂದಲೂ ಅಮೆರಿಕದ ವೈದ್ಯಲೋಕ ಕಪ್ಪು ಮೈಯನ್ನು ಬೇರೆಯದೇ ಸರಕು ಎನ್ನುವಂತೆ ನೋಡುತ್ತಾ ಬಂದಿದೆ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ತರಬೇತಿಯಲ್ಲಿದ್ದ ವೈದ್ಯರನ್ನೂ ಕೇಳಿದಾಗ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿದವರು ಸುಮಾರು ಅರ್ಧದಷ್ಟಿದ್ದರು. ನಮ್ಮಲ್ಲಿ ಹೆರಿಗೆ ವಾರ್ಡಿನಲ್ಲಿ "ದುಡಿಯೋ ಮೈ, ತಡ್ಕೊಳ್ತಾರೆ ಬಿಡಿ" ಅನ್ನುವ ಮಾತು ಕೇಳದವರು ಯಾರಿದ್ದಾರೆ? ಆ ಮಾತು ಅಲ್ಲಿ ದಶಮಾಂಶ ಹಾಕಿಕೊಂಡು ಸೂತ್ರದೊಳಗೆ ಕೂತಿತ್ತು.

ಲೆಕ್ಕ ಹಾಕಿ ನೋಡಿದರೆ

ಐವತ್ತು ವರ್ಷದ ಒಬ್ಬ ಗಂಡಸು, ಕ್ರಿಯಾಟಿನಿನ್ 3.6 ಎಂದಿಟ್ಟುಕೊಳ್ಳಿ. 2009ರ ಸೂತ್ರದಲ್ಲಿ ಹಾಕಿದರೆ 18.6 ಬರುತ್ತದೆ. ಅದೇ ರಕ್ತ, ಅದೇ ಮೆಷಿನ್ನು, ಅದೇ ವಯಸ್ಸು, ಆದರೆ ಫಾರಂನಲ್ಲಿ ಕಪ್ಪು ಎಂಬ ಚೌಕಕ್ಕೆ ಟಿಕ್ ಹಾಕಿದ್ದರೆ 21.5.

ಮೂರು ಅಂಕಕ್ಕೆ ಇಷ್ಟು ರಂಪವೇ ಅನ್ನಿಸಬಹುದು. ಅಮೆರಿಕದಲ್ಲಿ ಮೃತ ದಾನಿಗಳ ಕಿಡ್ನಿಗೆ ಸುಮಾರು 90,000 ಜನ ಸರದಿಯಲ್ಲಿದ್ದಾರೆ. ಅಲ್ಲಿನ ನಿಯಮದಂತೆ ವಯಸ್ಕರ ಕಾಯುವ ಕಾಲ ಎಣಿಕೆಯಾಗುವುದು ಇಜಿಎಫ್‌ಆರ್ 20 ಅಥವಾ ಅದಕ್ಕಿಂತ ಕೆಳಗೆ ಇಳಿದ ಮೇಲೆ, ಇಲ್ಲವೇ ಡಯಾಲಿಸಿಸ್ ಶುರುವಾದ ದಿನದಿಂದ. 18.6 ಬಂದವನ ಗಡಿಯಾರ ಇವತ್ತೇ ಓಡತೊಡಗುತ್ತದೆ. 21.5 ಬಂದವನದು ನಿಂತೇ ಇರುತ್ತದೆ. ಅವನ ಕಿಡ್ನಿ ವರ್ಷಕ್ಕೆ ಎರಡಂಕದಂತೆ ಇಳಿದರೂ 20ಕ್ಕೆ ಬರಲು ಒಂಬತ್ತು ತಿಂಗಳು ಬೇಕು. ಕಾಯಿಲೆ ನಿಧಾನವಾದಷ್ಟೂ ಆ ಕಾಯುವಿಕೆ ಉದ್ದ. ಡಯಾಲಿಸಿಸ್ ಮೆಟ್ಟಿಲು ಹತ್ತುವ ಮುಂಚೆಯೇ ಕಸಿ ಸಿಕ್ಕವರು ಹೆಚ್ಚು ದಿನ ಬದುಕುತ್ತಾರೆ. ಅಂಥ ಅವಕಾಶ ತಪ್ಪಿಹೋಗಲು ಇಷ್ಟು ಸಾಕು.

ಇನ್ನೊಂದು ವೈಚಿತ್ರ್ಯ ನೋಡಿ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ 13ರಷ್ಟು. ಕಿಡ್ನಿ ಪೂರ್ತಿ ಕೆಟ್ಟವರಲ್ಲಿ ಅವರು ಸುಮಾರು ಮೂರನೇ ಒಂದು ಭಾಗ. ಕಾಯಿಲೆ ಯಾರನ್ನು ಹೆಚ್ಚು ಹಿಡಿದಿದೆಯೋ ಅವರ ಕಿಡ್ನಿಯೇ ಚೆನ್ನಾಗಿದೆ ಎಂದು ಸೂತ್ರ ಹೇಳುತ್ತಿತ್ತು. ಅಲ್ಲಿ ಜೀನಿನ ಪಾತ್ರವಿಲ್ಲ ಎಂದಲ್ಲ. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಎಪಿಒಎಲ್1 ಎಂಬ ಜೀನಿನ ಕೆಲವು ರೂಪಗಳು ಕಿಡ್ನಿ ಕಾಯಿಲೆಯ ಸಾಧ್ಯತೆ ಹೆಚ್ಚಿಸುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಆದರೆ ಜೀನನ್ನು ಪರೀಕ್ಷಿಸಿ ನೋಡಬಹುದು. ಚೌಕದಲ್ಲಿ ಹಾಕಿದ ಟಿಕ್ಕಿಗೆ ಅಂಥ ಪರೀಕ್ಷೆ ಎಲ್ಲಿದೆ? ತಾಯಿ ಕಪ್ಪು, ತಂದೆ ಬಿಳಿ ಆದರೆ ಯಾವ ಚೌಕ? ಟಿಕ್ ಹಾಕುವವರು ರೋಗಿಯೋ, ಡಾಕ್ಟರೋ, ಕೌಂಟರಿನಲ್ಲಿ ಮುಖ ನೋಡಿ ಬರೆದುಕೊಳ್ಳುವ ಗುಮಾಸ್ತರೋ? ನಮ್ಮ ಟೆಕ್ನಿಷಿಯನ್ ಹುಡುಗ ಕೇಳಿದ್ದು ಇದನ್ನೇ. ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ಕಪ್ಪು ರೋಗಿಗಳ ಮೇಲೆ 2008ರ ಅಧ್ಯಯನವೊಂದು ಸೂತ್ರವನ್ನು ಪರೀಕ್ಷಿಸಿದಾಗ, ಗುಣಕ ಬಿಟ್ಟರೇ ಉತ್ತರ ಹೆಚ್ಚು ಸರಿಯಾಗಿ ಬಂತು. ಆಫ್ರಿಕಾದಲ್ಲೇ ಹೊಂದದ 'ಆಫ್ರಿಕನ್' ಗುಣಕ ಹುಬ್ಬಳ್ಳಿಯ ಪ್ರಿಂಟರಿನವರೆಗೂ ಬಂದಿತ್ತು.

ತೆಗೆಯಿರಿ ಎಂದವರು, ತಡೆಯಿರಿ ಎಂದವರು

ಮೊದಲು ದನಿ ಎತ್ತಿದವರಲ್ಲಿ ವೈದ್ಯ ವಿದ್ಯಾರ್ಥಿಗಳೇ ಮುಂದೆ. ತರಗತಿಯಲ್ಲಿ ಜನಾಂಗ ಎಂಬುದು ಜೀವಶಾಸ್ತ್ರದ ವರ್ಗವಲ್ಲ ಎಂದು ಪಾಠ, ವಾರ್ಡಿಗೆ ಬಂದರೆ ಅದೇ ಜನಾಂಗದಿಂದ ಗುಣಾಕಾರ. ಎರಡೂ ಹೇಗೆ ಸರಿ ಎಂದು ಕೇಳತೊಡಗಿದರು. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ 2017ರಲ್ಲೇ ಗುಣಕ ಕೈಬಿಟ್ಟಿತು. ಬೇರೆಯವರು ಬೇಗ ಹಿಂಬಾಲಿಸಲಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಮೊಣಕಾಲಿನಡಿ ಸತ್ತ ಮೇಲೆ ದೇಶವೇ ಬೀದಿಗಿಳಿಯಿತು, ವಿದ್ಯಾರ್ಥಿಗಳ ಮನವಿಗಳಿಗೂ ಕಾವು ಬಂತು. ಜೂನ್ ತಿಂಗಳಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು ಗುಣಕ ತೆಗೆದವು. ಅದೇ ತಿಂಗಳು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಲೇಖನವೊಂದು, ಹೃದಯದಿಂದ ಹೆರಿಗೆಯವರೆಗೆ ಎಷ್ಟೆಲ್ಲ ಸೂತ್ರಗಳಲ್ಲಿ ಇಂಥ ಗುಣಕಗಳು ಅಡಗಿವೆ ಎಂದು ಪಟ್ಟಿ ಮಾಡಿತು.

ತಡೆಯಿರಿ ಎಂದವರನ್ನು ಖಳರ ಸಾಲಿಗೆ ಸೇರಿಸುವುದು ನನಗೆ ಇಷ್ಟವಿಲ್ಲ. ಅವರ ಮಾತಿನಲ್ಲಿ ತಿರುಳಿತ್ತು. ಗುಣಕ ಕಿತ್ತುಹಾಕಿ ಸುಮ್ಮನಾದರೆ ಕಪ್ಪು ರೋಗಿಗಳ ಅಂಕಿ ಒಮ್ಮೆಗೇ ಕುಸಿಯುತ್ತದೆ. ಆಗ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಮಾತ್ರೆ ನಿಲ್ಲಿಸಬೇಕಾಗಬಹುದು, ಕ್ಯಾನ್ಸರ್ ಔಷಧದ ಡೋಸು ಇಳಿಸಬೇಕಾಗಬಹುದು, ಹೊಸ ಔಷಧಗಳ ಪ್ರಯೋಗದಿಂದ ಅವರು ಹೊರಗುಳಿಯಬಹುದು. ಅಣ್ಣನಿಗೆ ಕಿಡ್ನಿ ಕೊಡಲು ಬಂದ ತಮ್ಮನನ್ನು ನಿನ್ನದೇ ಸರಿಯಿಲ್ಲ ಎಂದು ವಾಪಸು ಕಳಿಸುವಂತಾಗಬಹುದು. ಒಂದು ಸೂತ್ರ ಹತ್ತು ಕಡೆ ಬಳಕೆಯಾಗುವಾಗ ಒಂದು ಕಡೆಯ ನ್ಯಾಯ ಇನ್ನೊಂದು ಕಡೆ ಏಟಾಗಬಹುದು.

ಅದಕ್ಕೇ ಹೊಸ ಸೂತ್ರ ಬೇಕಾಯಿತು. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ ಮತ್ತು ಅಮೆರಿಕನ್ ಸೊಸೈಟಿ ಆಫ್ ನೆಫ್ರಾಲಜಿ ಸೇರಿ 2020ರಲ್ಲಿ ಒಂದು ಕಾರ್ಯಪಡೆ ರಚಿಸಿದವು. ಸಿಂಥಿಯಾ ಡೆಲ್ಗಾಡೊ ಮತ್ತು ನೀಲ್ ಪೊವ್ ಅದರ ಮುಖ್ಯಸ್ಥರು. ರೋಗಿಗಳನ್ನೂ ಕೂರಿಸಿಕೊಂಡು ಚರ್ಚಿಸಿದ ಅದು 2021ರ ಸೆಪ್ಟೆಂಬರಿನಲ್ಲಿ ಅಂತಿಮ ವರದಿ ಕೊಟ್ಟಿತು. ಹಳೆಯ ಮಾಹಿತಿಯನ್ನೇ ಜನಾಂಗದ ಪ್ರಶ್ನೆ ಕೇಳದೆ ಮತ್ತೆ ಲೆಕ್ಕಕ್ಕೆ ಕೂರಿಸಿ ತೆಗೆದ ಸೂತ್ರವನ್ನು ಎಲ್ಲರಿಗೂ ಬಳಸಬೇಕು, ಸ್ನಾಯುವಿನ ಹಂಗು ಅಷ್ಟಾಗಿ ಇಲ್ಲದ ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆಯನ್ನು ಹೆಚ್ಚು ಕಡೆ ತರಬೇಕು ಎಂಬುದು ಅದರ ಸಾರ. ನಮ್ಮ ಐವತ್ತು ವರ್ಷದ ಮನುಷ್ಯನಿಗೆ ಹೊಸ ಸೂತ್ರದಲ್ಲಿ ಬರುವುದು 19.7, ಮೈಬಣ್ಣ ಯಾವುದೇ ಇರಲಿ. ಗಮನಿಸಿ, ಬಿಳಿಯನ ಅಂಕಿಯೂ 18.6ರಿಂದ ತುಸು ಮೇಲೆ ಹೋಗಿದೆ. ತಪ್ಪು ಮಾಯವಾಗಲಿಲ್ಲ, ಎಲ್ಲರಿಗೂ ಹಂಚಿಕೆಯಾಯಿತು. ಅಂದಾಜಿನ ಸೂತ್ರದಿಂದ ಇದಕ್ಕಿಂತ ಹೆಚ್ಚು ಕೇಳುವುದೂ ಕಷ್ಟ. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆಯೂ ಅದೇ ವರ್ಷ ತನ್ನ ಮಾರ್ಗಸೂಚಿಯಿಂದ ಜನಾಂಗದ ಹೊಂದಾಣಿಕೆ ತೆಗೆದುಹಾಕಿತು.

ಕಳೆದ ದಿನಗಳ ಬಾಬ್ತು

ಇಂಥ ಪ್ರಕರಣಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ತಪ್ಪಾಯಿತು, ತಿದ್ದಿಕೊಂಡೆವು, ಇನ್ನು ಮುಂದೆ ಹೀಗಾಗದು. ಸಿಬ್ಬಂದಿಗೆ ಅರ್ಧ ದಿನದ ತರಬೇತಿ, ಊಟ, ಗ್ರೂಪ್ ಫೋಟೊ. ಈ ಪ್ರಕರಣ ಮುಂದಕ್ಕೆ ಹೋಯಿತು. ನಾನು ಇದನ್ನು ಬರೆಯಲು ಕೂತದ್ದೂ ಅದಕ್ಕೇ.

ಸರ್ಕಾರಿ ನೌಕರಿಯಲ್ಲಿ ಇದ್ದವರಿಗೆ, ಅವರ ಮನೆಯವರಿಗೆ ಜ್ಯೇಷ್ಠತಾ ಪಟ್ಟಿ ಅಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಸೇವೆಗೆ ಸೇರಿದ ತಾರೀಖು ತಪ್ಪಾಗಿ ದಾಖಲಾದರೆ ಬಡ್ತಿ ತಪ್ಪುತ್ತದೆ, ಕಿರಿಯರು ಮೇಲಧಿಕಾರಿಗಳಾಗಿ ಬಂದು ಕೂರುತ್ತಾರೆ. ನ್ಯಾಯಮಂಡಳಿಗೆ ಅಲೆದು ಗೆದ್ದವರು ಕೇಳುವುದು ಕ್ಷಮೆಯನ್ನಲ್ಲ, ಪೂರ್ವಾನ್ವಯವನ್ನು. ಹಿಂದಿನ ಇಂಥ ದಿನದಿಂದ ಜಾರಿಗೆ ಬರುವಂತೆ ಎಂಬ ಆ ಒಂದು ಸಾಲು ಆದೇಶದಲ್ಲಿ ಇಲ್ಲದಿದ್ದರೆ ಗೆದ್ದೂ ಸೋತಂತೆ.

ಅಮೆರಿಕದಲ್ಲಿ ಅಂಗಾಂಗ ಹಂಚಿಕೆಯ ನಿಯಮ ಮಾಡುವ ಒಪಿಟಿಎನ್ ಎಂಬ ರಾಷ್ಟ್ರೀಯ ಜಾಲ ಕೊಟ್ಟದ್ದು ಇಂಥ ಪೂರ್ವಾನ್ವಯವನ್ನೇ. 2022ರ ಜೂನ್‌ನಲ್ಲಿ ಅದರ ಆಡಳಿತ ಮಂಡಳಿ ಸರದಿಯ ಲೆಕ್ಕಕ್ಕೆ ಜನಾಂಗ ಸೇರಿದ ಸೂತ್ರ ಬಳಸಕೂಡದು ಎಂದಿತು. ಡಿಸೆಂಬರಿನಲ್ಲಿ ಇನ್ನೂ ಒಂದು ಹೆಜ್ಜೆ. ಈಗಾಗಲೇ ಪಟ್ಟಿಯಲ್ಲಿರುವ ಕಪ್ಪು ರೋಗಿಗಳ ಹಳೆಯ ಕಡತ ತೆಗೆಯಿರಿ, ಗುಣಕವಿಲ್ಲದೆ ಲೆಕ್ಕ ಹಾಕಿದ್ದರೆ ಯಾವತ್ತು 20ಕ್ಕೆ ಇಳಿದಿರುತ್ತಿತ್ತು ಎಂದು ನೋಡಿ, ಆ ದಿನದಿಂದಲೇ ಕಾಯುವ ಕಾಲ ಎಣಿಸಿ ಎಂದು ಎಲ್ಲ ಕಸಿ ಕೇಂದ್ರಗಳಿಗೂ ಆದೇಶ. ಅರ್ಜಿ ಹಾಕುವ ಹೊಣೆ ರೋಗಿಯ ಮೇಲೆ ಬೀಳಲಿಲ್ಲ. ಹುಡುಕುವುದೂ, ರೋಗಿಗೆ ಪತ್ರ ಬರೆದು ತಿಳಿಸುವುದೂ ಆಸ್ಪತ್ರೆಯ ಕೆಲಸ. 2023ರ ಜನವರಿ 5ರಿಂದ ಜಾರಿ, ಮುಗಿಸಲು ಒಂದು ವರ್ಷ ಗಡುವು.

ಆ ಕೆಲಸ ಹೇಗಿರುತ್ತದೆ ಎಂದು ಲ್ಯಾಬಿನವನಾದ ನಾನು ಊಹಿಸಬಲ್ಲೆ. ಏಳೆಂಟು ವರ್ಷದ ಹಿಂದಿನ ಕ್ರಿಯಾಟಿನಿನ್. ಬೇರೆ ಊರಿನ ಲ್ಯಾಬು, ಫ್ಯಾಕ್ಸಿನಲ್ಲಿ ಬಂದ ಮಾಸಲು ಹಾಳೆ, ಮದುವೆಯಾಗಿ ಬದಲಾದ ಹೆಸರು. ಒಂದೊಂದನ್ನೂ ತೆಗೆದು, ಆ ದಿನದ ವಯಸ್ಸು ಹಾಕಿ, ಸೂತ್ರಕ್ಕೆ ಕೊಟ್ಟು, 20ಕ್ಕೆ ಮೊದಲು ಇಳಿದ ತಾರೀಖು ಹುಡುಕಬೇಕು. ಸಾವಿರಾರು ರೋಗಿಗಳಿಗೆ ಇದನ್ನು ಮಾಡಿದರು. 2024ರ ಮಾರ್ಚ್ ಮಧ್ಯದ ಹೊತ್ತಿಗೆ 14,300ಕ್ಕೂ ಹೆಚ್ಚು ಕಪ್ಪು ರೋಗಿಗಳ ಕಾಯುವ ಕಾಲ ತಿದ್ದುಪಡಿಯಾಗಿತ್ತು. ಸರಾಸರಿ ಸುಮಾರು ಎರಡು ವರ್ಷ ವಾಪಸು ಬಂದಿತ್ತು. ಪತ್ರ ಬಂದ ಕೆಲವರು ಒಮ್ಮೆಗೇ ಸರದಿಯ ತುದಿ ತಲುಪಿ, ಸ್ವಲ್ಪ ದಿನಗಳಲ್ಲೇ ಕಸಿ ಮಾಡಿಸಿಕೊಂಡರು. ನಿಮಗೆ ಅನ್ಯಾಯವಾಗಿದೆ ಎಂದು ಆ ಪತ್ರ ಬಂದಮೇಲೆಯೇ ಗೊತ್ತಾದವರೂ ಇದ್ದರು. ಅಷ್ಟು ವರ್ಷ ಅವರ ರಿಪೋರ್ಟಿನಲ್ಲಿ ಅದು ಕಣ್ಣೆದುರೇ ಇತ್ತು.

ಸರದಿಯಲ್ಲಿ ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ಹಿಂದೆ ಸರಿಯಲೇಬೇಕು. ಕಿಡ್ನಿಗಳ ಸಂಖ್ಯೆ ಹೆಚ್ಚಿಲ್ಲ. ಹಿಂದೆ ಸರಿದವರೂ ರೋಗಿಗಳೇ, ಅವರ ತಪ್ಪೇನೂ ಇಲ್ಲ. ಇದಕ್ಕೆ ನನ್ನಲ್ಲಿರುವ ಉತ್ತರ ಜ್ಯೇಷ್ಠತಾ ಪಟ್ಟಿಯದ್ದೇ: ಅವರು ನಿಂತಿದ್ದ ಜಾಗ ಮೊದಲಿಂದಲೂ ಇನ್ನೊಬ್ಬರದು. ಹೇಳಲು ಸುಲಭ. ಹಿಂದೆ ಸರಿದ ಮನೆಯವರ ಮುಂದೆ ನಿಂತು ಹೇಳುವ ಧೈರ್ಯ ನನಗಿದೆಯೇ, ಗೊತ್ತಿಲ್ಲ.

ನಮ್ಮ ಮೈ, ನಮ್ಮ ಅಂಕಿ

ನಮ್ಮಲ್ಲಿ ಈಗ ಎಷ್ಟೋ ಲ್ಯಾಬುಗಳು 2021ರ ಸೂತ್ರಕ್ಕೆ ಬಂದಿವೆ. ಆದರೆ ಯಾರ ಮೈ ನೋಡಿ ಸೂತ್ರ ಹೊಲಿದರು ಎಂಬ ಪ್ರಶ್ನೆ ನಮಗೂ ಇದೆ. ಅಮೆರಿಕದವರ ಮೈಕಟ್ಟು, ಮಾಂಸದೂಟದ ಮೇಲೆ ಕಟ್ಟಿದ ಲೆಕ್ಕ ಇದು. ಸಣಕಲು ಮೈಯ, ಮುದ್ದೆ ಸೊಪ್ಪು ಉಣ್ಣುವ ಅಜ್ಜಿಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಕಿಡ್ನಿ ಸೊರಗಿದ್ದರೂ ರಿಪೋರ್ಟಿನಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಹಾಗೆಂದು ಭಾರತೀಯರಿಗೆ ಇಷ್ಟರಿಂದ ಗುಣಿಸಿ ಎಂದು ಇನ್ನೊಂದು ಸಾಲು ಸೇರಿಸಿದರೆ ಅದೇ ಕೂಪಕ್ಕೆ ಮತ್ತೆ ಬಿದ್ದಂತೆ. ಕುಸ್ತಿ ಮಾಡುವ ಧಾರವಾಡದ ಹುಡುಗನೂ ಆ ಅಜ್ಜಿಯೂ ಇಬ್ಬರೂ ಭಾರತೀಯರೇ. ಅನುಮಾನ ಬಂದ ಕಡೆ ಸಿಸ್ಟಾಟಿನ್ ಸಿ ಮಾಡಿಸುವುದು ದಾರಿ. ಅದು ಕ್ರಿಯಾಟಿನಿನ್‌ಗಿಂತ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್‌ದೂ ಇದೇ ಜಾತಿಯ ಕಥೆ. ಮಿಷಿಗನ್‌ನ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ಆಮ್ಲಜನಕ ನಿಜವಾಗಿ 88ಕ್ಕಿಂತ ಕೆಳಗಿದ್ದದ್ದು ಕಪ್ಪು ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಬೆರಳಿನ ಮೂಲಕ ಬೆಳಕು ಹಾಯಿಸುವ ಉಪಕರಣ ಅದು. ಚರ್ಮದ ಬಣ್ಣ ನಡುವೆ ಬರುತ್ತದೆ. ಅಲ್ಲಿ ಗುಣಕ ಹಾಕಿ ಕೆಡಿಸಿದರು, ಇಲ್ಲಿ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೆಡಿಸಿದರು. ಹಾಗಾಗಿ ಎಲ್ಲ ಕಡೆಯೂ ಬಣ್ಣ ಮರೆತುಬಿಡಿ ಎಂಬ ಒಂದೇ ಮದ್ದು ನಡೆಯುವುದಿಲ್ಲ.

ಮತ್ತೆ ಆ ಹಳೆಯ ತಾರೀಖುಗಳಿಗೆ ಬಂದರೆ, ವಾಪಸು ಸಿಕ್ಕದ್ದು ಪಟ್ಟಿಯಲ್ಲಿ ಇನ್ನೂ ಹೆಸರಿದ್ದವರಿಗೆ. ಕಾಯುತ್ತಲೇ ಸತ್ತವರ ಕಡತವನ್ನು ಯಾರೂ ತೆಗೆಯಬೇಕಾಗಿರಲಿಲ್ಲ. ಉಳಿದವರಲ್ಲೂ ತಿದ್ದುಪಡಿಗೆ ಕಾಗದ ಬೇಕು. 20ರ ಗಡಿ ದಾಟಿದ ಹೊತ್ತಿನಲ್ಲಿ ರಕ್ತ ಪರೀಕ್ಷೆಯಾಗಿ, ಅದರ ದಾಖಲೆ ಎಲ್ಲೋ ಉಳಿದಿರಬೇಕು. ವಿಮೆಯಿಲ್ಲದೆ, ಡಾಕ್ಟರ ಮುಖ ನೋಡದೆ ವರ್ಷಗಟ್ಟಲೆ ಕಳೆದು, ಉಸಿರು ಕಟ್ಟಿ ಎಮರ್ಜೆನ್ಸಿಗೆ ಬಂದು, ಅವತ್ತೇ ಡಯಾಲಿಸಿಸ್ ಮೆಷಿನ್ನಿಗೆ ಹೋದವರ ಕಡತದಲ್ಲಿ ಹಳೆಯ ಕ್ರಿಯಾಟಿನಿನ್ ಒಂದೂ ಇಲ್ಲ. ಅವರ ಕಾಯುವ ಕಾಲ ಮೊದಲಿನಂತೆಯೇ, ಆ ಎಮರ್ಜೆನ್ಸಿಯ ದಿನದಿಂದ ಎಣಿಕೆಯಾಗುತ್ತಿದೆ.